ಶೀಟಿನ ಮಾಡಿಗೆ ತುಕ್ಕು: ಪತ್ತನಾಜೆಯೊಳಗೆ, ಅಂದರೆ ಮಳೆಗಾಲಕ್ಕೆ ಮೊದಲು, ಮುಗಿಸಬೇಕಾದ ಕೆಲಸ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಿಮ್ಮ ಗೋಡೌನಿನ ಒಳಗೆ ಹೋಗಿ. ಶಟರ್ ಎಳೆಯಿರಿ, ಲೈಟು ಆರಿಸಿ, ಎರಡು ನಿಮಿಷ ಸುಮ್ನೆ ನಿಂತು ತಲೆ ಎತ್ತಿ ನೋಡಿ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಮಾಡಿನಲ್ಲಿ ಅಲ್ಲಲ್ಲಿ ನಕ್ಷತ್ರ ಕಾಣಿಸುತ್ತದೆಯೇ? ಕಂಡ ಜಾಗಗಳನ್ನೆಲ್ಲ ಒಂದು ಹಾಳೆಯ ಮೇಲೆ ಗುರುತು ಮಾಡಿಕೊಳ್ಳಿ. ಎಷ್ಟನೇ ಟ್ರಸ್ (ಮಾಡನ್ನು ಹೊತ್ತ ಚೌಕಟ್ಟು), ಎಷ್ಟನೇ ಪರ್ಲಿನ್ (ಟ್ರಸ್ಸುಗಳ ಮೇಲೆ ಅಡ್ಡ ಹಾಕಿದ, ಶೀಟು ಕೂರುವ ಪಟ್ಟಿ) ಎಂದು ಬರೆದುಕೊಂಡರೆ ಸಾಕು. ಮೇಲೆ ಹತ್ತಿ ಹುಡುಕಿದರೆ ಈ ತೂತುಗಳು ಸಿಗುವುದಿಲ್ಲ. ಬಿಸಿಲಿಗೆ ಶೀಟು ಹೊಳೆದು ಕಣ್ಣು ಕುಕ್ಕುತ್ತದೆ, ಅಷ್ಟೇ.

ಕರಾವಳಿಯಲ್ಲಿ ಶೀಟಿನ ಮಾಡು ಹಾಕುವ, ಕಳಚುವ, ರಿಪೇರಿ ಮಾಡುವ ಕೆಲಸ ನನ್ನದು. ಗೇರುಬೀಜದ ಕಾರ್ಖಾನೆ, ಐಸ್ ಪ್ಲಾಂಟು, ಕುಚ್ಚಲಕ್ಕಿ ಮಿಲ್ಲು, ಮರದ ಡಿಪೋ, ಕಲ್ಯಾಣ ಮಂಟಪದ ಊಟದ ಹಾಲ್, ಎಲ್ಲದರ ಮೇಲೂ ಹತ್ತಿದ್ದೇನೆ. ಒಂದು ವಿಷಯ ಮಾತ್ರ ಎಲ್ಲ ಕಡೆ ಒಂದೇ. ತುಕ್ಕು ಶೀಟಿನ ನಡುಮಧ್ಯದಿಂದ ಶುರುವಾಗುವುದು ಅಪರೂಪ. ಸ್ಕ್ರೂ ಹೊಡೆದ ತೂತು, ಕತ್ತರಿಸಿದ ಅಂಚು, ಶೀಟಿನ ಮೇಲೆ ಶೀಟು ಕೂರುವ ಜೋಡು, ಗಟರು, ಮಳೆ ತಾಗದ ಸೂರಿನ ಅಡಿ. ಶುರುವಾಗುವುದು ಇಂಥ ಸಣ್ಣ ಜಾಗಗಳಲ್ಲಿ. ನಾವು ಮಾತ್ರ ಅಗಲವಾದ ಜಾಗಕ್ಕೆ ಬಣ್ಣ ಬಳಿದು ಕೈ ತೊಳೆದುಕೊಳ್ಳುತ್ತೇವೆ.

ನಮ್ಮೂರಿನ ಹಳೆಯ ಕಟ್ಟಡಗಳಿಗೆ ಈ ತಲೆನೋವು ಇರಲಿಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಗೋದಾಮುಗಳಿಗೂ ಹಂಚೇ ಇತ್ತು. ಹಂಚು ಒಡೆಯುತ್ತದೆ, ಪಾಚಿ ಕಟ್ಟುತ್ತದೆ, ಆದರೆ ತುಕ್ಕು ಹಿಡಿಯುವುದಿಲ್ಲ. ನಡುವೆ ಕಂಬವೇ ಇಲ್ಲದ ಎಂಬತ್ತು ಅಡಿ ಅಗಲದ ಶೆಡ್ಡು ಬೇಕು ಎಂದಾಗ ಶೀಟು ಬಂತು. ಅದರ ಹಿಂದೆಯೇ ತುಕ್ಕೂ ಬಂತು.

ನಿಮ್ಮ ಶೀಟು ಯಾವುದು?

ಇದು ಗೊತ್ತಿಲ್ಲದೆ ಯಾವ ಡಬ್ಬವನ್ನೂ ತೆರೆಯಬೇಡಿ. ನಮ್ಮ ಕಡೆ ಸಿಗುವುದು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಜಿ.ಐ. ಶೀಟು. ಜನ ಜಿಂಕ್ ಶೀಟು ಎನ್ನುವುದು ಇದನ್ನೇ. ಉಕ್ಕಿನ ಮೇಲೆ ಸತುವಿನ ಲೇಪ ಇರುತ್ತದೆ. ಸತು ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ಒಂದು ಸಣ್ಣ ಗೀರು ಬಿದ್ದರೂ ಅಕ್ಕಪಕ್ಕದ ಸತು ಅದನ್ನು ಕಾಯುತ್ತದೆ. ಎರಡನೆಯದು ಗ್ಯಾಲ್ವಲ್ಯೂಮ್. ಇದರ ಲೇಪದಲ್ಲಿ ತೂಕದ ಲೆಕ್ಕದಲ್ಲಿ 55 ಪಾಲು ಅಲ್ಯೂಮಿನಿಯಂ, 43.4 ಪಾಲು ಸತು, 1.6 ಪಾಲು ಸಿಲಿಕಾನ್. ಜಾಸ್ತಿ ಬಾಳಿಕೆ ಬರುತ್ತದೆ, ಆದರೆ ಸಿಮೆಂಟ್, ಗೊಬ್ಬರ, ಅಮೋನಿಯಾ ಎಂದರೆ ಆಗಿಬರುವುದಿಲ್ಲ. ಮೂರನೆಯದು ಕಲರ್ ಶೀಟು. ಮೇಲೆ ಹೇಳಿದ ಎರಡರಲ್ಲಿ ಒಂದಕ್ಕೆ ಫ್ಯಾಕ್ಟರಿಯಲ್ಲೇ ಬಣ್ಣ ಬೇಯಿಸಿರುತ್ತಾರೆ. ಸಾಮಾನ್ಯವಾಗಿ ಮೇಲ್ಬದಿಗೆ 20–25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಬಣ್ಣ ಇದ್ದರೆ ಕೆಳಬದಿಗೆ ಅದಕ್ಕಿಂತ ತೀರಾ ಕಡಿಮೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಅಂಗಡಿಯಲ್ಲಿ ಎಲ್ಲರೂ ಶೀಟಿನ ದಪ್ಪ ಕೇಳುತ್ತಾರೆ, ಲೇಪದ ತೂಕ ಕೇಳುವುದಿಲ್ಲ. ಒಂದು ಚದರ ಮೀಟರಿಗೆ ಎರಡೂ ಬದಿ ಸೇರಿ 120 ಗ್ರಾಂ ಸತು ಇದ್ದರೆ ಒಂದು ಬದಿಗೆ ಸಿಗುವುದು ಸುಮಾರು 8 ಮೈಕ್ರಾನ್. 275 ಗ್ರಾಂ ಇದ್ದರೆ ಸುಮಾರು 19. ನಮ್ಮ ತಲೆಕೂದಲೇ 70 ಮೈಕ್ರಾನಿನ ಆಸುಪಾಸು ದಪ್ಪ ಇರುತ್ತದೆ. ಐಎಸ್ಒ 9223 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಉಪ್ಪುಗಾಳಿ ಜೋರಿರುವ ಸಿ-4 ವರ್ಗದ ಜಾಗದಲ್ಲಿ ಸತು ವರ್ಷಕ್ಕೆ 2.1ರಿಂದ 4.2 ಮೈಕ್ರಾನ್ ಸವೆಯುತ್ತದೆ. ಇನ್ನೂ ಕೆಟ್ಟ ಸಿ-5ರಲ್ಲಿ 4.2ರಿಂದ 8.4. ಭಾಗಾಕಾರ ನೀವೇ ಮಾಡಿ ನೋಡಿ. ಬಣ್ಣವಿಲ್ಲದ 120 ಗ್ರಾಂ ಶೀಟು ಸಿ-4ರ ಜಾಗದಲ್ಲಿ ನಾಲ್ಕು ವರ್ಷಕ್ಕೆ ಕೆಂಪಗಾದರೆ ಅದು ಮೋಸವಲ್ಲ, ಲೆಕ್ಕ.

ಹತ್ತುವ ಮೊದಲು

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಸಡಿಲವಾಗಿ ತೆಗೆದುಕೊಳ್ಳಬೇಡಿ. ತುಕ್ಕು ಹಿಡಿದ ಶೀಟು ಮೇಲಿನಿಂದ ಗಟ್ಟಿಯಾಗಿಯೇ ಕಾಣುತ್ತದೆ, ಕಾಲಿಟ್ಟಾಗ ಕುಸಿಯುತ್ತದೆ. ಪೂರ್ತಿ ಮೈಯ ಸೇಫ್ಟಿ ಬೆಲ್ಟು ಹಾಕಿ. ಅದರ ಹಗ್ಗವನ್ನು ಟ್ರಸ್ಸಿಗೆ ಕಟ್ಟಿ, ಪರ್ಲಿನ್ನಿಗೆ ಬೇಡ. ಸ್ಕ್ರೂ ಸಾಲಿನ ಮೇಲೆಯೇ ನಡೆಯಿರಿ, ಯಾಕೆಂದರೆ ಅದರ ಅಡಿಯಲ್ಲಿ ಪರ್ಲಿನ್ ಇರುತ್ತದೆ. ಅನುಮಾನ ಇದ್ದಲ್ಲಿ ಹಲಗೆ ಹಾಸಿ. ಬೆಳಕಿಗೆಂದು ಹಾಕಿದ ಫೈಬರ್ ಶೀಟಿನ ಮೇಲೆ ಕಾಲಿಡಲೇಬೇಡಿ. ಧೂಳು ಕೂತು ಅದೂ ಪಕ್ಕದ ತಗಡಿನ ಬಣ್ಣಕ್ಕೇ ಬಂದಿರುತ್ತದೆ, ಗೊತ್ತೇ ಆಗುವುದಿಲ್ಲ. ಇಬ್ಬನಿ ಇರುವಾಗ, ಒಬ್ಬರೇ ಇರುವಾಗ ಹತ್ತಬೇಡಿ. ಇಷ್ಟಕ್ಕೆ ವ್ಯವಸ್ಥೆ ಇಲ್ಲದಿದ್ದರೆ ಕೆಲಸದವರನ್ನು ಕರೆಸಿ, ನೀವು ಕೆಳಗಿನಿಂದ ನೋಡಿಕೊಳ್ಳಿ.

ಒಂದನೇ ಹಂತ: ಎಲ್ಲಿ, ಎಷ್ಟು ಎಂದು ನೋಡುವುದು

ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಸುತ್ತಿಗೆ, ಬಣ್ಣದ ಸೀಮೆಸುಣ್ಣ. ಇಷ್ಟು ಸಾಕು.

ಸ್ಕ್ರೂಗಳಿಂದ ಶುರು ಮಾಡಿ. ತಲೆ ಕೆಂಪಾಗಿದೆಯೇ, ಅಡಿಯ ರಬ್ಬರ್ ವಾಷರ್ ಬಿರಿದಿದೆಯೇ, ಸುತ್ತ ಕಂದು ಬಣ್ಣ ಇಳಿದಿದೆಯೇ? ಆಮೇಲೆ ಜೋಡು. ಶೀಟಿನ ಮೇಲೆ ಶೀಟು ಕೂರುವ ಸಂದಿಗೆ ನೀರು ತಾನಾಗಿಯೇ ಏರುತ್ತದೆ, ಬತ್ತಿಗೆ ಎಣ್ಣೆ ಏರಿದ ಹಾಗೆ. ಅಲ್ಲಿಂದ ಅದು ಒಣಗುವುದೂ ಇಲ್ಲ. ಒಳಗೊಳಗೇ ತುಕ್ಕು ಹಿಡಿದು ಉಬ್ಬುತ್ತದೆ, ಯಾಕೆಂದರೆ ಕಬ್ಬಿಣಕ್ಕಿಂತ ತುಕ್ಕಿಗೆ ಜಾಸ್ತಿ ಜಾಗ ಬೇಕು. ಜೋಡಿನ ಬಾಯಿ ತೆರೆದುಕೊಂಡಿದ್ದರೆ ಒಳಗೆ ಕೆಲಸ ಕೆಟ್ಟಿದೆ ಎಂದೇ ಅರ್ಥ.

ಮೂರನೆಯದು ಸೂರು. ಇದನ್ನು ಯಾರೂ ನೋಡುವುದಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಳೆಯಿಂದಲೇ ತುಕ್ಕು ಎಂದು ನಾವು ಬೈಯುತ್ತೇವೆ. ಆದರೆ ಮಾಡಿನ ಮೇಲ್ಬದಿಯ ಉಪ್ಪನ್ನು ತೊಳೆದುಕೊಂಡು ಹೋಗುವುದೂ ಅದೇ ಮಳೆ. ಮಳೆ ತಾಗದ ಸೂರಿನ ಅಡಿಯಲ್ಲಿ ಉಪ್ಪು ಹಾಗೇ ಕೂತಿರುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿತೆಂದರೆ ಉಪ್ಪು ತಾನೇ ನೀರು ಎಳೆದುಕೊಂಡು ಒದ್ದೆಯಾಗುತ್ತದೆ. ನಮ್ಮ ಕಡೆ ಹೆಚ್ಚಿನ ರಾತ್ರಿಗಳಲ್ಲಿ ಅಷ್ಟು ತೇವ ಇದ್ದೇ ಇರುತ್ತದೆ, ಅಲ್ವಾ? ಮೇಲೆ ಹೊಳೆಯುವ ಶೀಟು ಸೂರಿನ ಅಡಿಯಲ್ಲಿ ಚಕ್ಕೆ ಚಕ್ಕೆಯಾಗಿರುವುದನ್ನು ಮಲ್ಪೆ ಕಡೆಯ ಶೆಡ್ಡುಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮೊದಲೇ ಹೇಳಿದ ಹಾಗೆ, ಕೆಳಬದಿಯ ಬಣ್ಣವೂ ತೆಳ್ಳಗೆ.

ನಾಲ್ಕನೆಯದು ಗಟರು. ಗಾಳಿಮರದ ಸೂಜಿ ಎಲೆ, ಹಲಸಿನ ಎಲೆ, ಪಾರಿವಾಳದ ಹಿಕ್ಕೆ ಸೇರಿ ಅಲ್ಲೊಂದು ಗದ್ದೆಯೇ ಆಗಿರುತ್ತದೆ. ಗಿಡ ಚಿಗುರಿದ್ದರೆ ಅದರ ಬೇರಿನ ಕೆಳಗೆ ತಗಡು ಉಳಿದಿದೆ ಎಂಬ ಆಸೆ ಬಿಡಿ.

ಇನ್ನು ಎ.ಸಿ. ಹೊರಘಟಕ. ಅದರ ತಾಮ್ರದ ಕಾಯಿಲ್ ಮೇಲಿಂದ, ಪೈಪಿನ ಮೇಲಿಂದ ಬರುವ ನೀರು ಶೀಟಿನ ಮೇಲೆ ತೊಟ್ಟಿಕ್ಕುತ್ತಿದ್ದರೆ ಆ ದಾರಿಯುದ್ದಕ್ಕೂ ಸತು ಕರಗಿರುತ್ತದೆ. ತಾಮ್ರಕ್ಕೂ ಸತುವಿಗೂ ಹುಟ್ಟು ವೈರ. ಒಂದು ಪಿವಿಸಿ ಪೈಪಿನಿಂದ ಆ ನೀರನ್ನು ನೆಲಕ್ಕೆ ಇಳಿಸಿದರೆ ಮುಗಿಯಿತು. ಸೋಲಾರ್ ಹಾಕಿಸಿದವರು ತಾಮ್ರದ ಅರ್ತಿಂಗ್ ತಂತಿ ಶೀಟಿಗೆ ತಾಗಿಕೊಂಡು ಹೋಗಿದೆಯೇ ಎಂದೂ ನೋಡಿ.

ಕೆಂಪಾದ ಜಾಗಕ್ಕೆ ಸ್ಕ್ರೂಡ್ರೈವರಿನ ತುದಿ ಒತ್ತಿ. ಕೆರೆದರೆ ಪುಡಿ ಉದುರಿ ಒಳಗೆ ಗಟ್ಟಿ ಲೋಹ ಸಿಕ್ಕಿದರೆ ಹಳದಿ ಗುರುತು. ಗುಳಿ ಬಿದ್ದಿದ್ದರೆ ನೀಲಿ. ತುದಿ ಒಳಗೆ ಹೋದರೆ ಕೆಂಪು. ಹಳದಿಗೆ ಬಣ್ಣದ ಕೆಲಸ, ನೀಲಿಗೆ ಬಣ್ಣದ ಜೊತೆ ತೇಪೆ, ಕೆಂಪು ಒಂದೆರಡೇ ಇದ್ದರೆ ಐದನೇ ಹಂತದಲ್ಲಿ ಹೇಳುವ ಹಾಗೆ ತೂತಿನ ತೇಪೆ. ಒಂದೇ ಶೀಟಿನಲ್ಲಿ ನಾಲ್ಕೈದು ಕೆಂಪು ಗುರುತು ಬಂದರೆ ನಾನು ತೇಪೆಯ ಲೆಕ್ಕ ಹಾಕುವುದಿಲ್ಲ, ಇಡೀ ಶೀಟು ತೆಗೆಸುತ್ತೇನೆ. ಪರ್ಲಿನ್ನಿಗೂ ಸುತ್ತಿಗೆಯಿಂದ ಬಡಿದು ನೋಡಿ. ಠಣ್ ಎಂದರೆ ಸರಿ. ಬೊದ್ದು ಸದ್ದು ಬಂದು ಪದರ ಉದುರಿದರೆ ಬಣ್ಣದವನನ್ನು ಕರೆಯಬೇಡಿ, ಇಂಜಿನಿಯರನ್ನು ಕರೆಯಿರಿ.

ಹೊಸ ಶೀಟಿನ ಮೇಲೆ ಕಾಣುವ ಬಿಳಿ ಪುಡಿ ಬೇರೆ. ಕಟ್ಟು ಬಿಚ್ಚದೆ ಮಳೆಯಲ್ಲಿ ನೆನೆಸಿಟ್ಟರೆ ಸತುವೇ ಬೆಳ್ಳಗೆ ಪುಡಿಯಾಗುತ್ತದೆ. ತೆಳ್ಳಗಿದ್ದರೆ ನೈಲಾನ್ ಬ್ರಶ್ಶಿನಲ್ಲಿ ಉಜ್ಜಿ ತೊಳೆದು ಗಾಳಿಗೆ ಬಿಡಿ, ಸಾಕು. ದಪ್ಪವಾಗಿ ಕೂತು ಅಡಿಯಲ್ಲಿ ಕಪ್ಪಾಗಿದ್ದರೆ ಆ ಶೀಟನ್ನು ಅಂಗಡಿಗೆ ವಾಪಸ್ ಕಳಿಸಿ.

ಎರಡನೇ ಹಂತ: ತೊಳೆಯುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಕೆಲಸ ಕೆಡುವುದೂ ಇಲ್ಲೇ. ಉಪ್ಪಿನ ಮೇಲೆ ಎಷ್ಟು ದುಬಾರಿ ಬಣ್ಣ ಬಳಿದರೂ ಆ ಉಪ್ಪು ಬಣ್ಣದ ಮೂಲಕವೇ ನೀರನ್ನು ಒಳಗೆಳೆದು ಗುಳ್ಳೆ ಎಬ್ಬಿಸುತ್ತದೆ.

ಮೊದಲು ಗುಡಿಸಿ, ಗಟರಿನ ಗದ್ದೆ ಎತ್ತಿ. ಆಮೇಲೆ ಸಿಹಿನೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಬೇಡ, ಟ್ಯಾಂಕರ್ ತರಿಸಿ. ಪ್ರೆಶರ್ ಪಂಪು ಬಳಸುವುದಾದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಬೇಡಿ, ಜೋಡಿನೊಳಗೆ ನುಗ್ಗುತ್ತದೆ. ಪಾಚಿ, ಎಣ್ಣೆ, ಹೊಗೆಮಸಿ ಇದ್ದಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು ಮತ್ತು ಮೆತ್ತನೆ ಬ್ರಶ್ಶು ಸಾಕು. ಬ್ಲೀಚಿಂಗ್ ಪೌಡರ್, ಕಾಸ್ಟಿಕ್, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದೂ ಬೇಡ. ಅವು ಕೊಳೆಯ ಜೊತೆ ಸತುವನ್ನೂ ತೊಳೆದುಬಿಡುತ್ತವೆ. ಸೂರಿನ ಅಡಿಗೂ ನೀರು ಹಾಯಿಸಿ.

ಉಪ್ಪು ಹೋಯಿತೋ ಇಲ್ಲವೋ ಎಂದು ತಿಳಿಯಲು ನನ್ನ ಹಳೆಯ ಮೇಸ್ತ್ರಿ ಶೀಟಿಗೆ ಬೆರಳು ಒರೆಸಿ ನಾಲಿಗೆಗೆ ತಾಗಿಸುತ್ತಿದ್ದರು. ಪಾರಿವಾಳಗಳ ಕಾಟ ಇರುವ ಮಾಡಿನಲ್ಲಿ ನಾನು ಆ ಪರೀಕ್ಷೆ ಮಾಡುವುದಿಲ್ಲ. ಬದಲಿಗೆ ಒಂದು ಅಂಗೈಯಗಲ ಜಾಗವನ್ನು ಹೊಳೆಯುವ ತನಕ ಉಜ್ಜಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡುತ್ತೇನೆ. ಅಲ್ಲಿ ಮತ್ತೆ ಹಳದಿ–ಕೆಂಪು ಮಚ್ಚೆ ಎದ್ದಿದ್ದರೆ ಉಪ್ಪು ಇನ್ನೂ ಇದೆ. ಮತ್ತೆ ತೊಳೆಯಬೇಕು.

ಮೂರನೇ ಹಂತ: ಕೆರೆಯುವುದು

ಚಕ್ಕೆ ಎದ್ದ ತುಕ್ಕನ್ನು ಮೊದಲು ಸ್ಕ್ರೇಪರಿನಿಂದ ಎಬ್ಬಿಸಿ. ಆಮೇಲೆ ವೈರ್ ಬ್ರಶ್ಶು. ಗ್ರೈಂಡರಿಗೆ ವೈರ್ ಕಪ್ ಹಾಕಿ ಉಜ್ಜುವವರು ಒಂದು ತಪ್ಪು ಮಾಡುತ್ತಾರೆ. ಅದು ಲೋಹವನ್ನು ಕನ್ನಡಿಯ ಹಾಗೆ ನುಣ್ಣಗೆ ಮಾಡುತ್ತದೆ, ನೋಡಲು ಚೆಂದ. ಆದರೆ ನುಣುಪಿನ ಮೇಲೆ ಬಣ್ಣ ಹಿಡಿಯುವುದಿಲ್ಲ. ಕೊನೆಗೆ ಎಮರಿ ಪೇಪರಿನಿಂದ ಒಂದು ಸಲ ಉಜ್ಜಿ ಸ್ವಲ್ಪ ಒರಟು ಮಾಡಲೇಬೇಕು. ಗುರುತು ಹಾಕಿದ ಜಾಗದಿಂದ ಎರಡು ಇಂಚು ಆಚೆಗೂ ಉಜ್ಜಿ. ಚೆನ್ನಾಗಿರುವ ಸತುವನ್ನು ಸುಮ್ನೆ ಕೆರೆದು ತೆಗೆಯಬೇಡಿ. ಕನ್ನಡಕ, ಮಾಸ್ಕು ಬೇಕು. ಹಳೆಯ ಟ್ರಸ್ಸುಗಳ ಬಣ್ಣದಲ್ಲಿ ಸೀಸ ಇರಬಹುದು. ಪಕ್ಕದಲ್ಲಿ ಸಿಮೆಂಟಿನ ಕಲ್ನಾರು ಶೀಟು ಇದ್ದರೆ ಅದಕ್ಕೆ ಗ್ರೈಂಡರ್ ತಾಗಿಸಲೇಬೇಡಿ.

ಎಷ್ಟು ಉಜ್ಜಿದರೂ ಗುಳಿಗಳಲ್ಲಿ ಸ್ವಲ್ಪ ತುಕ್ಕು ಉಳಿಯುತ್ತದೆ. ಅದಕ್ಕೆ ರಸ್ಟ್ ಕನ್ವರ್ಟರ್ ಎಂಬ ದ್ರವ ಸಿಗುತ್ತದೆ. ಅದು ಏನು ಮಾಡುತ್ತದೆ ಎಂದು ಅಡಿಕೆ ಸುಲಿಯುವವರಿಗೆ ಹೇಳಿಕೊಡಬೇಕಾಗಿಲ್ಲ. ಹಸಿ ಅಡಿಕೆ ಸುಲಿದ ಮೆಟ್ಟುಗತ್ತಿ ಸಂಜೆಯ ಹೊತ್ತಿಗೆ ಕಪ್ಪಾಗಿರುತ್ತದಲ್ಲ? ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆ ಕಪ್ಪು ಬರುತ್ತದೆ. ಅಳಲೆಕಾಯಿಯಿಂದ ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಗುಟ್ಟಿನಿಂದ. ಹೆಚ್ಚಿನ ಕನ್ವರ್ಟರುಗಳಲ್ಲಿ ಇರುವುದು ಟ್ಯಾನಿಕ್ ಆಸಿಡ್ ಅಥವಾ ಫಾಸ್ಫರಿಕ್ ಆಸಿಡ್, ಇಲ್ಲವೇ ಎರಡೂ. ಹಚ್ಚಿದಾಗ ಕೆಂಪು ತುಕ್ಕು ಕಪ್ಪಾಗಿ ಗಟ್ಟಿ ಪದರ ಆಗುತ್ತದೆ. ತೆಳ್ಳಗೆ ಹಚ್ಚಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಕೆಂಪು ಉಳಿದಲ್ಲಿ ಇನ್ನೊಂದು ಕೈ.

ಆದರೆ ಇದು ಮಂತ್ರದ ನೀರಲ್ಲ. ಸಡಿಲ ಚಕ್ಕೆಯ ಮೇಲೆ ಹಚ್ಚಿದರೆ ಚಕ್ಕೆಯ ಜೊತೆಗೇ ಉದುರುತ್ತದೆ. ಚೆನ್ನಾಗಿರುವ ಸತುವಿನ ಮೇಲೆ ಹಚ್ಚಿದರೆ ಆಸಿಡ್ ಸತುವನ್ನೇ ತಿನ್ನುತ್ತದೆ. ಹಾಗಾಗಿ ರೋಲರ್ ಬೇಡ, ತುಕ್ಕಿನ ಮೇಲೆ ಮಾತ್ರ ಬ್ರಶ್ಶು.

ನಾಲ್ಕನೇ ಹಂತ: ಪ್ರೈಮರ್, ಬಣ್ಣ

ಕೆಲವು ವರ್ಷಗಳ ಹಿಂದೆ ಒಂದು ಗೋಡೌನಿನ ಮಾಲೀಕರು ಫೋನ್ ಮಾಡಿದರು. "ಮಾರಾಯ್ರೇ, ಬಣ್ಣ ಹೊಡೆಸಿ ಆರು ತಿಂಗಳಾಗಲಿಲ್ಲ, ಹಪ್ಪಳದ ಹಾಗೆ ಏಳ್ತಾ ಉಂಟು. ಒಮ್ಮೆ ಬಂದು ನೋಡಿ." ಹೋಗಿ ನೋಡಿದೆ. ಹೊಸ ಜಿ.ಐ. ಶೀಟಿಗೆ ಯಾರೋ ನೇರವಾಗಿ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಸಾಮಾನ್ಯ ಆಯಿಲ್ ಪೇಂಟ್ ಹೊಡೆದಿದ್ದರು. ಉಗುರಿನಲ್ಲಿ ಎಬ್ಬಿಸಿದರೆ ಅಂಗೈಯಗಲದ ಹಾಳೆ ಹಾಳೆಯೇ ಕೈಗೆ ಬಂತು. ಅದರ ಹಿಂಬದಿ ಮುಟ್ಟಿದರೆ ಜಿಡ್ಡು ಜಿಡ್ಡು. ಅದು ಸೋಪು! ಆಯಿಲ್ ಪೇಂಟಿನ ಎಣ್ಣೆ ಅಂಶ ಸತುವಿನ ಜೊತೆ ಸೇರಿದರೆ ನಿಜವಾಗಿಯೂ ಒಂದು ಬಗೆಯ ಸೋಪಾಗುತ್ತದೆ. ಸೋಪಿನ ಮೇಲೆ ಬಣ್ಣ ಎಷ್ಟು ದಿನ ನಿಂತೀತು? ಮಾಲೀಕರು ಬಣ್ಣದ ಕಂಪನಿಯನ್ನು ಬೈಯುತ್ತಿದ್ದರು. ತಪ್ಪು ಬಣ್ಣದ್ದಲ್ಲ, ಅದನ್ನು ಹೊಡೆದ ಜಾಗದ್ದು.

ಹಾಗಾದರೆ ಯಾವುದಕ್ಕೆ ಯಾವುದು? ಸತು ಇನ್ನೂ ಉಳಿದಿರುವ ಶೀಟಿಗೆ ಎರಡು ಡಬ್ಬ ಬೆರೆಸಿ ಹಚ್ಚುವ ಇಪಾಕ್ಸಿ ಜಿಂಕ್ ಫಾಸ್ಫೇಟ್ ಪ್ರೈಮರ್ ಒಳ್ಳೆಯದು. ಹೊಸದಾಗಿ ಹೊಳೆಯುವ ಜಿ.ಐ. ಆದರೆ ಅದಕ್ಕೂ ಮೊದಲು ಎಚ್ ಪ್ರೈಮರ್ (etch primer, ನುಣುಪು ಲೋಹಕ್ಕೆ ಹಿಡಿತ ಕೊಡುವ ಪ್ರೈಮರ್) ಒಂದು ತೆಳ್ಳನೆ ಕೈ. ತುಕ್ಕು ಪೂರ್ತಿ ಹೋಗಿ ಬರೀ ಉಕ್ಕು ಬೆಳ್ಳಗೆ ಕಾಣುವ ಜಾಗಕ್ಕೆ ಜಿಂಕ್ ರಿಚ್ ಪ್ರೈಮರ್. ಅದರಲ್ಲಿರುವ ಸತುವಿನ ಪುಡಿ ಮತ್ತೆ ಕಾವಲು ಕೂರುತ್ತದೆ. ಆದರೆ ಆ ಪುಡಿ ಉಕ್ಕಿಗೆ ನೇರ ತಾಗಬೇಕು. ಕನ್ವರ್ಟರ್ ಹಚ್ಚಿ ಕಪ್ಪಾದ ಜಾಗದ ಮೇಲೆ ಜಿಂಕ್ ರಿಚ್ ಹೊಡೆಯುವುದು ದುಡ್ಡು ದಂಡ. ಅಲ್ಲಿಗೆ ಇಪಾಕ್ಸಿ ಪ್ರೈಮರೇ ಸರಿ. ಇಪಾಕ್ಸಿ ಬಿಸಿಲಿಗೆ ಪುಡಿ ಪುಡಿಯಾಗುತ್ತದೆ, ಹಾಗಾಗಿ ಕೊನೆಯ ಕೈ ಪಾಲಿಯುರೇಥೇನ್ ಬಣ್ಣ ಇರಲಿ.

ಮೊದಲು ಬ್ರಶ್ಶಿನಿಂದ ಸ್ಕ್ರೂ ತಲೆ, ಅಂಚು, ಜೋಡಿನ ಬಾಯಿ, ಗಟರಿನ ಮೂಲೆಗಳಿಗೆ ಒಂದು ಪಟ್ಟೆ ಬಣ್ಣ ಎಳೆಯಿರಿ. ಆಮೇಲೆ ರೋಲರ್ ಅಥವಾ ಸ್ಪ್ರೇ. ಚೂಪು ಅಂಚಿನಲ್ಲಿ ಬಣ್ಣ ತಾನಾಗಿ ಹಿಂದೆ ಸರಿದು ತೆಳ್ಳಗಾಗುತ್ತದೆ. ಅದಕ್ಕೇ ಅಲ್ಲಿಗೆ ಒಂದು ಕೈ ಜಾಸ್ತಿ. ಪ್ರೈಮರ್ ಒಣಗಿದ ಮೇಲೆ 50ರಿಂದ 75 ಮೈಕ್ರಾನ್, ಮೇಲಿನ ಬಣ್ಣ 50ರ ಆಸುಪಾಸು ಇರಲಿ ಎಂದು ಕೇಳಿ. ಅಳೆಯಲು ಬಾಚಣಿಗೆಯ ಹಾಗಿರುವ ಒಂದು ಸಣ್ಣ ತಗಡು ಸಿಗುತ್ತದೆ, ಹಸಿ ಬಣ್ಣಕ್ಕೆ ಒತ್ತಿದರೆ ದಪ್ಪ ಹೇಳುತ್ತದೆ. ಹಸಿ ದಪ್ಪ ಒಣಗಿದಾಗ ಎಷ್ಟಕ್ಕೆ ಇಳಿಯುತ್ತದೆ ಎನ್ನುವುದು ಬಣ್ಣದ ಮಾಹಿತಿ ಹಾಳೆಯಲ್ಲಿ ಇರುತ್ತದೆ. ಆ ತಗಡು ನಿಮ್ಮ ಜೇಬಿನಲ್ಲಿ ಕಂಡರೆ ಸಾಕು, ಕೆಲಸದವರು ಥಿನ್ನರ್ ಸುರಿಯುವುದು ಕಡಿಮೆಯಾಗುತ್ತದೆ!

ಹೊತ್ತು ನೋಡಿ ಹೊಡೆಯಿರಿ. ಬೆಳಿಗ್ಗೆ ಇಬ್ಬನಿ ಪೂರ್ತಿ ಆರಬೇಕು. ಹನ್ನೊಂದರ ಮೇಲೆ ಶೀಟು ಕಾದ ಕಾವಲಿ. ನಡುಮಧ್ಯಾಹ್ನ 60 ಡಿಗ್ರಿ ಮುಟ್ಟುತ್ತದೆ, ಬಣ್ಣದ ಮೇಲ್ಪದರ ಬೇಗ ಒಣಗಿ ಒಳಗಿನ ಥಿನ್ನರ್ ಗುಳ್ಳೆ ಎಬ್ಬಿಸುತ್ತದೆ. ಸಂಜೆ ಹೊಡೆದರೆ ಒಣಗುವ ಮೊದಲೇ ಇಬ್ಬನಿ ಬೀಳುತ್ತದೆ. ಒಟ್ಟಿನಲ್ಲಿ ದಿನಕ್ಕೆ ಮೂರು ಗಂಟೆಯ ಕೆಲಸ. ಇದನ್ನು ಒಪ್ಪದ ಗುತ್ತಿಗೆದಾರರೊಂದಿಗೆ ನಾನು ಜಗಳ ಆಡಿದ್ದು ಲೆಕ್ಕವಿಲ್ಲ.

ಐದನೇ ಹಂತ: ತೂತು, ಸ್ಕ್ರೂ, ಜೋಡು

ಡಾಂಬರು ಮೆತ್ತುವುದು ನಮ್ಮ ಕಡೆಯ ಹಳೆಯ ಚಾಳಿ. ಎರಡು ಬೇಸಿಗೆಗೆ ಅದು ಬಿರಿಯುತ್ತದೆ, ಬಿರುಕಿನೊಳಗೆ ನೀರು ನಿಲ್ಲುತ್ತದೆ, ಅಡಿಯಲ್ಲಿ ತುಕ್ಕು ಆರಾಮಾಗಿ ಬೆಳೆಯುತ್ತದೆ. ಸಿಮೆಂಟ್ ಮೆತ್ತುವುದು ಅದಕ್ಕಿಂತ ಕೆಟ್ಟದ್ದು. ಹಸಿ ಸಿಮೆಂಟಿನ ಸುಣ್ಣದಂಶ ಸತು, ಅಲ್ಯೂಮಿನಿಯಂ ಎರಡನ್ನೂ ಸುಡುತ್ತದೆ. ಗೋಡೆಗೆ ಶೀಟು ಸೇರುವಲ್ಲಿ ಗಾರೆ ಮೆತ್ತಿದ ಜಾಗ ಮೊದಲು ತೂತಾಗುವುದು ಇದಕ್ಕೇ. ಅಲ್ಲಿ ಗಾರೆ ಬದಲು ತಗಡಿನ ಫ್ಲಾಶಿಂಗ್ (ಸಂದಿ ಮುಚ್ಚುವ ಮಡಚಿದ ಪಟ್ಟಿ) ಹಾಕಿಸಿ.

ಸೂಜಿ ತೂತುಗಳಿಗೆ ಮೇಲೆ ಅಲ್ಯೂಮಿನಿಯಂ ಹಾಳೆ ಇರುವ ಬ್ಯುಟೈಲ್ ಟೇಪು ಸಾಕು. ಜಾಗ ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಿದ ಮೇಲೆಯೇ ಅಂಟಿಸಿ. ದೊಡ್ಡ ತೂತಿಗೆ ಅದೇ ಬಗೆಯ ಶೀಟಿನ ತುಂಡು, ನಾಲ್ಕೂ ಕಡೆ ಆರಿಂಚು ಜಾಸ್ತಿ. ಅದರ ಮೇಲಿನ ಅಂಚು ಮೇಲಿನ ಶೀಟಿನ ಅಡಿಗೆ ಹೋಗಬೇಕು, ಹಂಚು ಕೂರಿಸಿದ ಹಾಗೆ. ಸಿಲಿಕಾನ್ ಹಾಕುವಾಗ ಮೂಗು ಬಳಸಿ. ವಿನೆಗರ್ ವಾಸನೆ ಬಂದರೆ ಅದು ಹುಳಿ ಬಿಡುವ ಜಾತಿ, ಲೋಹವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ತನ್ನಿ.

ಕೆಂಪಾದ ಸ್ಕ್ರೂ ತೆಗೆದಾಗ ತೂತು ದೊಡ್ಡದಾಗಿರುತ್ತದೆ. 5.5 ಮಿಲಿಮೀಟರಿನದು ಇದ್ದ ಕಡೆ 6.3ರದ್ದು ಹಾಕಿ. ವಾಷರ್ ಇಪಿಡಿಎಂ ರಬ್ಬರಿನದೇ ಇರಲಿ. ಬಿಗಿಯುವುದಕ್ಕೂ ಹದ ಇದೆ: ರಬ್ಬರು ಲೋಹದ ವಾಷರಿನ ಅಂಚಿಗೆ ಬಂದು ನಿಂತರೆ ಸಾಕು. ಹೊರಗೆ ಉಬ್ಬಿ ಹಿಸುಕಿಕೊಂಡರೆ ಅದು ಮೊದಲ ಬೇಸಿಗೆಗೇ ಬಿರಿಯುತ್ತದೆ. ತುಕ್ಕೇ ಬೇಡ ಎಂದು ಪೂರ್ತಿ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಲು ಹೊರಟವರು ಒಂದು ಸಲ ಯೋಚಿಸಿ. ಉಪ್ಪುನೀರು ಸೇರಿದರೆ ಸ್ಟೇನ್‌ಲೆಸ್ ಉಳಿದು ಅದರ ಸುತ್ತಲಿನ ಸತು ಕರಗುತ್ತದೆ. ನಿಮ್ಮ ಶೀಟಿಗೆ ಯಾವುದು ಹೊಂದುತ್ತದೆ ಎಂದು ಶೀಟು ಮಾಡಿದವರ ಕೈಪಿಡಿಯಲ್ಲೇ ಬರೆದಿರುತ್ತಾರೆ.

ಸ್ಕ್ರೂ ವಿಷಯದಲ್ಲಿ ಉದಾಸೀನ ಮಾಡಿದ್ದಕ್ಕೆ ನಾನೇ ಒಂದು ಪಾಠ ಕಲಿತೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರದ ಆಚೆ ಸಾಗಿ ಹೋಯಿತಲ್ಲ, ಆ ಗಾಳಿಗೆ ನಾನು ನೋಡಿಕೊಳ್ಳುತ್ತಿದ್ದ ಒಂದು ಶೆಡ್ಡಿನ ಸೂರಿನ ಮೂರು ಶೀಟು ಎದ್ದು ಹೋದವು. ಶೀಟು ಚೆನ್ನಾಗಿಯೇ ಇದ್ದವು. ಸ್ಕ್ರೂಗಳ ಕತ್ತು ಮಾತ್ರ ವಾಷರಿನ ಅಡಿಯಲ್ಲಿ ಸವೆದು ಪೆನ್ಸಿಲ್ ಮೊನೆಯಷ್ಟಾಗಿತ್ತು. ಮೇಲಿನಿಂದ ನೋಡಿದರೆ ತಲೆಗಳೆಲ್ಲ ಸಾಲಾಗಿ ಸರಿಯಾಗಿದ್ದವು. ಆಮೇಲಿಂದ ಪ್ರತಿ ವರ್ಷ ಸೂರಿನ ಸಾಲಿನಲ್ಲಿ ಹತ್ತಕ್ಕೊಂದು ಸ್ಕ್ರೂ ಬಿಚ್ಚಿಯೇ ನೋಡುತ್ತೇನೆ.

ಒಳಗಿನಿಂದ ಬರುವ ತುಕ್ಕು

ಕುಚ್ಚಲಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುವ ಜಾಗ, ಗೇರುಬೀಜಕ್ಕೆ ಹಬೆ ಕೊಡುವ ಜಾಗ, ಹೋಟೆಲಿನ ಅಡುಗೆಮನೆ. ಇಲ್ಲೆಲ್ಲ ಹಬೆ ಮೇಲೇರಿ ತಣ್ಣನೆ ಶೀಟಿಗೆ ತಾಗಿ ಹನಿಯಾಗುತ್ತದೆ. ಹೊರಗೆ ಎಷ್ಟೇ ಬಣ್ಣ ಹೊಡೆದರೂ ಶೀಟು ಒಳಗಿನಿಂದ ಹೋಗುತ್ತದೆ. ಇಲ್ಲಿ ಮೊದಲ ಔಷಧಿ ಗಾಳಿ. ಮಾಡಿನ ನೆತ್ತಿಯಲ್ಲಿ ರಿಡ್ಜ್ ವೆಂಟ್ (ಗಾಳಿಕಿಂಡಿ) ಅಥವಾ ಟರ್ಬೊ ಫ್ಯಾನು, ಕೆಳಗೆ ಗಾಳಿ ಒಳಬರಲು ಜಾಲರಿ. ಹಬೆ ಏಳುವ ಜಾಗಕ್ಕೆ ನೇರ ಚಿಮಣಿ ಕೊಟ್ಟರೆ ಇನ್ನೂ ಒಳ್ಳೆಯದು.

ಗೊಬ್ಬರದ ಗೋಡೌನಿಗೆ ಬೇರೆಯೇ ಕಷ್ಟ. ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಧೂಳು ಹಾರಿ ಪರ್ಲಿನ್ ಮೇಲೆ ಕೂರುತ್ತದೆ. ಅಂಥ ಕಡೆ ಒಳಬದಿಯನ್ನು ಆರು ತಿಂಗಳಿಗೊಮ್ಮೆ ಗುಡಿಸಿ ಒರೆಸಬೇಕು. ಕೋಳಿ ಫಾರಂಗೆ ಗ್ಯಾಲ್ವಲ್ಯೂಮ್ ಬೇಡ, ಹಿಕ್ಕೆಯ ಅಮೋನಿಯಾ ಅದನ್ನು ಬೇಗ ಮುಗಿಸುತ್ತದೆ. ಸಮುದ್ರವೇ ಇಲ್ಲದ ಬೆಂಗಳೂರಿನ ಪೀಣ್ಯದಂಥ ಕಡೆ ಪಕ್ಕದ ಪ್ಲೇಟಿಂಗ್ ಘಟಕದ ಆಸಿಡ್ ಹೊಗೆ ಅದೇ ಕೆಲಸ ಮಾಡಬಲ್ಲದು. ಯಾವ ಕಡೆಯ ಶೀಟು ಮೊದಲು ಕೆಂಪಾಗಿದೆ ಎಂದು ನೋಡಿದರೆ ಹೊಗೆ ಎಲ್ಲಿಂದ ಎಂದು ಗೊತ್ತಾಗುತ್ತದೆ.

ಹೊಸ ಮಾಡು ಹಾಕಿಸುವವರು

ಶೀಟನ್ನು ಗ್ರೈಂಡರಿನಲ್ಲಿ ಕತ್ತರಿಸಲು ಬಿಡಬೇಡಿ. ಕಿಡಿ ಅಂಚಿನ ಲೇಪ ಸುಡುತ್ತದೆ, ಹಾರಿದ ಕಬ್ಬಿಣದ ಚೂರು ಬಣ್ಣಕ್ಕೆ ಅಂಟಿ ವಾರದೊಳಗೆ ಕೆಂಪು ಚುಕ್ಕಿಗಳಾಗುತ್ತದೆ. ಕತ್ತರಿ ಅಥವಾ ನಿಬ್ಲರ್ (ತಗಡನ್ನು ಕಚ್ಚಿ ಕಚ್ಚಿ ಕತ್ತರಿಸುವ ಯಂತ್ರ) ಬಳಸಲಿ. ಡ್ರಿಲ್ ಮಾಡಿದ ಚೂರನ್ನು ಆಯಾ ಸಂಜೆಯೇ ಮೆತ್ತನೆ ಪೊರಕೆಯಿಂದ ಗುಡಿಸಲಿ. ವಾರಂಟಿ ಕಾಗದದಲ್ಲಿ ಸಮುದ್ರದಿಂದ ಎಷ್ಟು ದೂರ ಇರಬೇಕು, ಮಳೆ ತಾಗದ ಜಾಗ ತೊಳೆಯದಿದ್ದರೆ ಏನು ಎಂಬ ಸಣ್ಣಕ್ಷರದ ಸಾಲುಗಳನ್ನು ದುಡ್ಡು ಕೊಡುವ ಮೊದಲೇ ಓದಿ. ಹಳೆಯ ತುಕ್ಕು ಶೀಟಿನ ಮೇಲೆಯೇ ಹೊಸದು ಕೂರಿಸುವುದು ಬೇಡ, ಎರಡರ ನಡುವೆ ನೀರು ನಿಲ್ಲುತ್ತದೆ.

ಕೊಡಚಾದ್ರಿಯ ಮೂಲ ಮೂಕಾಂಬಿಕಾ ಗುಡಿಯ ಎದುರು ಒಂದು ಕಬ್ಬಿಣದ ಕಂಬ ಇದೆ. ಆ ಬೆಟ್ಟದ ಮಳೆಯಲ್ಲಿ ಎಷ್ಟೋ ಕಾಲದಿಂದ ನಿಂತಿದೆ. ಅದನ್ನು ತೋರಿಸಿ "ಹಿಂದಿನವರಿಗೆ ಆಗಿದ್ದು ನಿಮಗೆ ಯಾಕೆ ಆಗುವುದಿಲ್ಲ?" ಎಂದು ಒಬ್ಬ ಗಿರಾಕಿ ಕೇಳಿದ್ದರು. ಅದು ಕುಲುಮೆಯಲ್ಲಿ ಬಡಿದು ಮಾಡಿದ ದಪ್ಪ ಕಬ್ಬಿಣ, ನಮ್ಮದು ಅರ್ಧ ಮಿಲಿಮೀಟರಿನ ತಗಡು. ಅಷ್ಟು ಹೇಳಿ ಸುಮ್ಮನಾದೆ.

ಯಾವಾಗ ಏನು

ಕರಾವಳಿಯಲ್ಲಿ ಈ ಕೆಲಸಕ್ಕೆ ದೀಪಾವಳಿಯಿಂದ ಪತ್ತನಾಜೆಯ ತನಕ ಸಮಯ. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಮಾಡಿನ ಕೆಲಸದವರೂ ಅಂದೇ ಕೆಳಗಿಳಿಯುತ್ತಾರೆ. ದೀಪಾವಳಿ ಕಳೆದ ಕೂಡಲೇ ನೋಡಿ ಗುರುತು ಮಾಡಿ. ಡಿಸೆಂಬರಿನಿಂದ ಮಾರ್ಚಿನೊಳಗೆ ಕೆರೆಯುವುದು, ಬಣ್ಣ. ಏಪ್ರಿಲಿನಲ್ಲಿ ಗಾಳಿ ತಂದ ಉಪ್ಪನ್ನು ಒಮ್ಮೆ ತೊಳೆಯಿರಿ, ಸೂರಿನ ಅಡಿ ಮರೆಯಬೇಡಿ. ಸಮುದ್ರ ಕಾಣುವಷ್ಟು ಹತ್ತಿರ ಇದ್ದರೆ ಮಳೆ ಇಲ್ಲದ ತಿಂಗಳುಗಳಲ್ಲಿ ಮೂರು ತಿಂಗಳಿಗೊಮ್ಮೆ. ಮೇ ಮೊದಲ ವಾರ ಗಟರು. ಮಳೆಗಾಲದಲ್ಲಿ ಯಾರನ್ನೂ ಮೇಲೆ ಹತ್ತಿಸಬೇಡಿ. ಸೋರಿದ ಜಾಗದ ಅಡಿ ಬಕೆಟ್ ಇಡಿ, ಪಕ್ಕದ ಕಂಬದ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆದಿಡಿ. ನವೆಂಬರಿನಲ್ಲಿ ನಾನು ಬಂದಾಗ ಮೊದಲು ಕೇಳುವುದೇ ಆ ಕಂಬ ಯಾವುದು ಎಂದು.